ಎಲೆಯ ರಸ ಮತ್ತು ಹನ್ನೊಂದು ಕೋಟು

ನಾನು ಹುಟ್ಟಿದ ದಿನ ನನಗೆ ಚೆನ್ನಾಗಿ ನೆನಪಿದೆ. ಕಿಟಕಿಯ ಒಂದು ಗಾಜು ಒಡೆದಿತ್ತು, ಸೂಲಗಿತ್ತಿಯ ಕೈ ತಣ್ಣಗಿತ್ತು, ಅಪ್ಪ ನನ್ನ ಮುಖ ನೋಡಿ "ಇಷ್ಟೇನಾ?" ಅಂದಿದ್ದರು. ಇದರಲ್ಲಿ ಅರ್ಧ ಸುಳ್ಳು ಅಂತ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹುಟ್ಟಿದ್ದು ಮಾತ್ರ ನಿಜ.

ಆದರೆ ನನ್ನ ಮೈದುನನ ನೆನಪಿನ ವಿಷಯದಲ್ಲಿ ನಾನು ಸುಳ್ಳು ಹೇಳುವ ಅಗತ್ಯವೇ ಇಲ್ಲ. ಅದು ಇದ್ದ ಹಾಗೇ ಹೇಳಿದರೂ ಯಾರೂ ನಂಬುವುದಿಲ್ಲ. ಮೈದುನ, ಅಂದರೆ ನನ್ನ ಗಂಡನ ತಮ್ಮ, ದರ್ಜಿ. ಐವತ್ತು ವರ್ಷದಿಂದ ಒಂದೇ ಅಂಗಡಿ, ಒಂದೇ ಕತ್ತರಿ, ಒಂದೇ ಸಿಡುಕು. ಅಂಗಡಿಯ ಬೋರ್ಡಿನ ಮೇಲೆ ಅವನ ಹೆಸರಿಲ್ಲ, 'ಅಳತೆ ಒಂದೇ ಸಲ' ಅಂತ ದಪ್ಪ ಅಕ್ಷರದಲ್ಲಿ ಬರೆಸಿದ್ದಾನೆ. ನೀವು ಜೀವನದಲ್ಲಿ ಒಮ್ಮೆ ಅವನ ಮುಂದೆ ಕೈ ಚಾಚಿ ನಿಂತರೆ ಸಾಕು. ಆಮೇಲೆ ಯಾರ ಕೈಲಾದರೂ ಬಟ್ಟೆ ಕಳಿಸಿದರಾಯಿತು, ನೀವು ಬರುವುದು ಬೇಡ. ನಿಮ್ಮ ಕತ್ತು, ತೋಳು, ಸೊಂಟ ಎಲ್ಲ ಅವನ ತಲೆಯೊಳಗೆ ಕೂತಿರುತ್ತವೆ. ಅಳತೆಯ ಪುಸ್ತಕ ಅನ್ನುವುದು ಆ ಅಂಗಡಿಯಲ್ಲಿ ಎಂದೂ ಇದ್ದಿಲ್ಲ. ಬೀದಿಯಲ್ಲಿ ಯಾರಾದರೂ ಹೋದರೆ ನಮಗೆಲ್ಲ ಮುಖ ಕಾಣುತ್ತದೆ, ಅವನಿಗೆ ಅಂಕಿ ಕಾಣುತ್ತಿತ್ತು. "ಹೋದ್ರು ನೋಡಿ ಅತ್ತಿಗೆ, ಹದಿನೇಳೂವರೆ ಭುಜ, ಎಡತೋಳು ಕಾಲಿಂಚು ಉದ್ದ," ಅನ್ನುತ್ತಿದ್ದ. ಹೆಸರು ಕೇಳಿದರೆ ಗೊತ್ತಿಲ್ಲ.

ನಾನು ಆ ಅಂಗಡಿಯಲ್ಲಿ ಗುಂಡಿ ಹೊಲಿಯುವವಳು. ಗಂಡ ಹೋದ ಮೇಲೆ ಮೈದುನ ಬಂದು, "ಮನೇಲಿ ಕೂತು ಗೋಡೆ ಜೊತೆ ಮಾತಾಡ್ಬೇಡಿ, ಅಂಗಡೀಗೆ ಬಂದು ಗುಂಡಿ ಜೊತೆ ಮಾತಾಡಿ" ಅಂದ. ಅವತ್ತಿನಿಂದ ಒಂದು ಲಕ್ಷ ಗುಂಡಿ ಹೊಲಿದಿದ್ದೇನೆ. ಬೇಡ, ಎರಡು ಲಕ್ಷ ಅಂತಿಟ್ಟುಕೊಳ್ಳಿ, ಕೇಳಲು ಚೆನ್ನಾಗಿರುತ್ತದೆ.

ಮೂರನೆಯವಳು ಮೈದುನನ ಮಗಳು. ಹೆಂಡತಿ ತೀರಿಕೊಂಡ ಮೇಲೆ ಅವನಿಗಿರುವುದು ಅವಳೊಬ್ಬಳೇ. ಕತ್ತಿನ ಸುತ್ತ ಯಾವಾಗಲೂ ಟೇಪು ಹಾಕಿಕೊಂಡು, ನೆಟ್ಟಗೆ ನಿಂತು, ನೆಟ್ಟಗೆ ಮಾತಾಡುತ್ತಾಳೆ. ಅದಕ್ಕೇ ನಾನು ಅವಳನ್ನು 'ಟೇಪು' ಅಂತಲೇ ಕರೆಯುವುದು. ಇಪ್ಪತ್ತು ವರ್ಷದಿಂದ ಮಷಿನ್ ಮುಂದೆ ಕೂತು ಅಪ್ಪ ಕತ್ತರಿಸಿ ಕೊಟ್ಟದ್ದನ್ನು ಹೊಲಿಯುತ್ತಾಳೆ. ಒಂದು ದಿನಕ್ಕೂ ಅವಳ ಕೈಗೆ ಕತ್ತರಿ ಕೊಟ್ಟಿಲ್ಲ. ಕೇಳಿದರೆ, "ನೂಲು ಕಡಿಯಕ್ಕೆ ದೇವರು ಹಲ್ಲು ಕೊಟ್ಟಿದಾನಲ್ಲ" ಅನ್ನುತ್ತಾನೆ.

ಹೀಗಿರುವಾಗ ಅವನ ತಲೆಯೊಳಗಿನ ಅಂಕಿಗಳು ಜಾಗ ಬದಲಾಯಿಸಲು ಶುರುಮಾಡಿದವು. ಒಂದು ದಿನ ವಕೀಲರ ಪ್ಯಾಂಟಿಗೆ ಕ್ಷೌರಿಕನ ಉದ್ದ ಹಾಕಿದ. ವಕೀಲರು ಮೊಣಕಾಲ ಕೆಳಗೆ ಗಾಳಿ ಆಡಿಸಿಕೊಂಡು ಕೋರ್ಟಿಗೆ ಹೋಗಿ ಬಂದರು. ಆಮೇಲೆ ಒಂದು ಅಂಗಿಗೆ ಎರಡೂ ಎಡತೋಳು ಕತ್ತರಿಸಿದ. ಮೂರನೆಯ ಸಲ ಒಳ್ಳೆಯ ರೇಷ್ಮೆ ಬಟ್ಟೆಯಲ್ಲಿ ನಾಲ್ಕು ಕಾಲರ್ ಮಾಡಿ, ಬೆನ್ನಿಗೆ ಬಟ್ಟೆಯೇ ಉಳಿಸಲಿಲ್ಲ.

ಅವತ್ತು ಟೇಪು ಮಷಿನ್ ನಿಲ್ಲಿಸಿ ಎದ್ದಳು.

"ಅಪ್ಪ, ಒಂದು ಪುಸ್ತಕ ಇಡೋಣ. ಬಂದವ್ರ ಅಳತೆ ನಾನು ಬರೆದಿಡ್ತೀನಿ."

"ಪುಸ್ತಕ ಇಡೋಕೆ ನಾನೇನು ಗುಮಾಸ್ತನಾ?"

"ನಾಲ್ಕು ಕಾಲರ್ ಕತ್ತರ್ಸೋಕೆ ನೀನೇನು ನಾಲ್ಕು ತಲೆ ಇರೋನಿಗೆ ಹೊಲೀತಿದೀಯಾ? ನೋಡಪ್ಪ, ಇನ್ನೊಂದು ತಪ್ಪಾದ್ರೆ ಕತ್ತರಿ ನನ್ನ ಕೈಗೆ. ನೀನು ಇಸ್ತ್ರಿ ಪೆಟ್ಟಿಗೆ ಹಿಡಿ."

ಮೈದುನ ಕತ್ತರಿಯನ್ನು ಎದೆಗೆ ಒತ್ತಿಕೊಂಡು ಕಟಿಂಗ್ ಮೇಜಿನ ಹಿಂದೆ ಕೂತ. ಅವಳು ಚಹಾ ತರಲು ಹೋದಾಗ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ. "ಕತ್ತರಿ ಇಲ್ದಿದ್ರೆ ನಾನು ಬೆಳಿಗ್ಗೆ ಎದ್ದು ಯಾಕೆ ಬರ್ಲಿ ಅತ್ತಿಗೆ?"

ನಾನು ಕೈಯಲ್ಲಿದ್ದ ಗುಂಡಿಯನ್ನು ತಲೆಕೆಳಗಾಗಿ ಹೊಲಿದುಬಿಟ್ಟೆ. ಇದು ಇತಿಹಾಸದಲ್ಲೇ ಮೊದಲ ಸಲ.

ಅದೇ ವಾರ ಎದುರಿನ ಕಾಲೇಜಿನಿಂದ ಒಬ್ಬಳು ಡಾಕ್ಟರು ಜೇಬು ಕಿತ್ತ ಬಿಳಿ ಕೋಟು ಹಿಡಿದುಕೊಂಡು ಬಂದಳು. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ. ಜ್ವರ ನೋಡುವ ಡಾಕ್ಟರಲ್ಲ, ಎಲೆ ನೋಡುವ ಡಾಕ್ಟರು. ನಾನು ಜೇಬು ಹೊಲಿಯುತ್ತಾ ಬಾಯಿ ಬಿಡಿಸಿದೆ. ತೇವದ ನೆಲದಲ್ಲಿ ಹಬ್ಬುವ ಯಾವುದೋ ಬಳ್ಳಿಯ ಎಲೆ ಒಣಗಿಸಿ, ಅರೆದು, ಸಾರ ತೆಗೆದು, ಅದು ಮಿದುಳಿನಲ್ಲಿ ಹಳೆಯ ನೆನಪನ್ನು ಗಟ್ಟಿ ಮಾಡುತ್ತದೋ ಇಲ್ಲವೋ ಅಂತ ನೋಡುತ್ತಿದ್ದಾಳಂತೆ.

"ಮಾಡುತ್ತಾ?" ಅಂದೆ.

"ಇಲಿಗಳಲ್ಲಿ ಸ್ವಲ್ಪ ಮಾಡ್ತು ಅಜ್ಜಿ. ಮನುಷ್ಯರಲ್ಲಿ ಗೊತ್ತಿಲ್ಲ."

"ಇಲಿಗೆ ನೆನಪಿಟ್ಕೊಳ್ಳೋಕೆ ಏನಿರುತ್ತಮ್ಮಾ?"

"ನೀರಿನ ತೊಟ್ಟೀಲಿ ಮುಳುಗಿರೋ ಹಲಗೆ ಎಲ್ಲಿದೆ ಅಂತ. ನೆನಪಿದ್ರೆ ಬೇಗ ಈಜಿ ಹತ್ಕೊಳ್ತವೆ."

"ಅವನ್ನ ನೀರಿಗೆ ಹಾಕಿದ್ದು ಯಾರು?"

"ನಾವೇ."

"ಹಾಗಾದ್ರೆ ಅವು ನೆನಪಿಟ್ಕೊಂಡಿರೋದು ಹಲಗೇನಲ್ಲ, ನಿಮ್ಮನ್ನ."

ಅವಳು ನಕ್ಕಳು. ಒಳ್ಳೆಯ ಹುಡುಗಿ. ಆದರೆ ಮೈದುನ ನಗಲಿಲ್ಲ. ಮೇಜಿನ ಹಿಂದಿನಿಂದ ಎದ್ದು ಬಂದು, "ನನಗೂ ಕೊಡಿ" ಅಂದ. ಬೀದಿಯವರನ್ನು ನೀರು ಕೇಳಲೂ ಸಂಕೋಚಪಡುವ ಗಂಡಸು! ಟೇಪು ಮಷಿನ್‌ನಿಂದ ತಲೆ ಎತ್ತಿ ನೋಡಿ, ಮತ್ತೆ ತಗ್ಗಿಸಿದಳು.

ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದಳು. ಅರವತ್ತು ದಾಟಿದವರು ಎಂಬತ್ತು ಜನ ಬೇಕಂತೆ. ಅರ್ಧ ಜನಕ್ಕೆ ಎಲೆಯ ರಸ, ಇನ್ನರ್ಧಕ್ಕೆ ಬಣ್ಣ ಹಾಕಿದ ಸಕ್ಕರೆ ನೀರು. ಯಾರಿಗೆ ಯಾವುದು ಅಂತ ಅವಳಿಗೂ ಗೊತ್ತಿರುವುದಿಲ್ಲವಂತೆ. ಲಕೋಟೆಯಲ್ಲಿ ಬರೆದು ಮುದ್ರೆ ಹಾಕಿಟ್ಟಿದ್ದಾರೆ, ವರ್ಷ ಕಳೆದ ಮೇಲೆ ಒಡೆಯುತ್ತಾರೆ.

"ಕೊಡೋರಿಗೂ ಗೊತ್ತಿಲ್ಲ, ಕುಡಿಯೋರಿಗೂ ಗೊತ್ತಿಲ್ಲ," ಅಂದೆ ನಾನು. "ನಮ್ಮ ಕಾಲದ ಮದುವೆಗಳೂ ಹೀಗೇ ಆಗ್ತಿದ್ವು. ಸರಿ, ನನ್ನ ಹೆಸರೂ ಬರ್ಕೋ."

ಹಾಗೆ ನಾವಿಬ್ಬರೂ ಎಂಬತ್ತು ಇಲಿಗಳಲ್ಲಿ ಸೇರಿದೆವು. ಬೆಳಿಗ್ಗೆ ಒಂದು ಮುಚ್ಚಳ, ಸಂಜೆ ಒಂದು ಮುಚ್ಚಳ. ಹದಿನೈದು ದಿನಕ್ಕೊಮ್ಮೆ ಡಾಕ್ಟರು ಬಂದು ಟ್ರಯಲ್ ರೂಮಿನ ಪರದೆ ಎಳೆದು ಪರೀಕ್ಷೆ ಮಾಡುತ್ತಿದ್ದಳು. ಮೊದಲು ಹನ್ನೆರಡು ಪದ ಹೇಳಿ, ಅರ್ಧ ಗಂಟೆ ಬಿಟ್ಟು ಕೇಳುವುದು. ಅದರಲ್ಲಿ ನನಗೆ ಮೂರು ಬಂದರೆ ಹೆಚ್ಚು. ಆದರೆ ಹಳೆಯ ನೆನಪಿನ ಪರೀಕ್ಷೆಯಲ್ಲಿ ನಾನು ಸಿಂಹಿಣಿ. ಮೊದಲ ಮೇಷ್ಟರ ಮೀಸೆ, ಪಕ್ಕದ ಮನೆಯ ಬೆಕ್ಕಿನ ಒಂಬತ್ತು ಮರಿಗಳ ಬಣ್ಣ, ನಮ್ಮ ಬೀದಿಗೆ ಆನೆ ನುಗ್ಗಿ ನಮ್ಮಪ್ಪ ಅದನ್ನು ಬೈದು ಓಡಿಸಿದ್ದು. ಅವಳು ಬರೆದುಕೊಂಡದ್ದೇ ಬರೆದುಕೊಂಡದ್ದು. ಪುಟ ಮುಗಿದ ಮೇಲೆ ಪೆನ್ನು ಕಚ್ಚಿ ಕೇಳಿದಳು.

"ಇದೆಲ್ಲ ನಿಜಾನಾ ಅಂತ ಯಾರನ್ನ ಕೇಳ್ಲಿ ಅಜ್ಜಿ?"

"ಎಲ್ರೂ ಸತ್ತಿದಾರಲ್ಲಮ್ಮ."

"ಆನೆ?"

"ಅದೂ."

ಮುಂದಿನ ಸಲ ನಾನೇ ಅವಳಿಗೆ ಹೇಳಿದೆ, ನನಗೆ ಸಿಕ್ಕಿರುವುದು ಅಸಲಿ ಎಲೆಯೇ ಅಂತ. ನಡೆಯದೇ ಇದ್ದದ್ದೂ ನೆನಪಾಗುತ್ತಿದೆ ಅಂದರೆ ಔಷಧಿ ಎಷ್ಟು ಜೋರಿರಬೇಕು ನೀವೇ ಯೋಚಿಸಿ.

ಮೈದುನನ ಕಥೆ ಬೇರೆ. ಮೊದಲ ತಿಂಗಳು ಏನೂ ಇಲ್ಲ. ಎರಡನೆಯ ತಿಂಗಳಲ್ಲಿ ಹಳೆಯದೆಲ್ಲ ಮೇಲೆ ಬರಲು ಶುರುವಾಯಿತು. ಮೊದಲ ಸಂಬಳದಲ್ಲಿ ಕೊಂಡ ಕತ್ತರಿಯ ಪೆಟ್ಟಿಗೆಯ ಬಣ್ಣ. ಅವನಿಗೆ ಕೆಲಸ ಕಲಿಸಿದ ಗುರುವಿನ ಕೆಮ್ಮು. ಒಂದು ಬೆಳಿಗ್ಗೆ ಸೀಮೆಸುಣ್ಣ ಚೂಪು ಮಾಡುತ್ತಾ ಇದ್ದಕ್ಕಿದ್ದಂತೆ ಅಂದ. "ಅಣ್ಣನ ಕತ್ತು ಹದಿನೈದು. ಬಲಭುಜ ಒಂದು ಗೆರೆ ಕೆಳಗೆ. ಪ್ಯಾಂಟಿನ ಉದ್ದ ಮೂವತ್ತೇಳು."

ನನ್ನ ಕೈಯ ಸೂಜಿ ಹಾಗೇ ನಿಂತಿತು. ಬಲಭುಜ ಕೆಳಗಿತ್ತು, ಹೌದು. ಮೂಟೆ ಹೊತ್ತು ಹೊತ್ತು ಇಳಿದಿತ್ತು. ನಾನು ಅದನ್ನು ಎಷ್ಟು ವರ್ಷದಿಂದ ಮರೆತಿದ್ದೆ! ಕಣ್ಣು ಒರೆಸಿಕೊಳ್ಳಬೇಕು ಅನ್ನುವಷ್ಟರಲ್ಲಿ ಉಳಿದ ಅಂಕಿ ತಲೆಗೆ ಹತ್ತಿತು.

"ಮೂವತ್ತೇಳಾ? ಸುಮ್ನಿರಪ್ಪ. ನನ್ನ ಗಂಡ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರ್ತಿದ್ರು."

"ಬಾಗಿಲಿಗೆ ಇನ್ನೂ ಒಂದಡಿ ಜಾಗ ಉಳೀತಿತ್ತು ಅತ್ತಿಗೆ. ತಲೆ ಬಗ್ಗಿಸ್ತಿದ್ದಿದ್ದು ಒಳಗಡೆ ನೀವಿರ್ತಿದ್ರಿ ಅಂತ."

ಮಷಿನ್ ಹಿಂದೆ ಟೇಪು ಹಲ್ಲಿನಲ್ಲಿ ನೂಲು ಕಚ್ಚಿಕೊಂಡು ನಗು ತಡೆದಳು. ಇಪ್ಪತ್ತಾರು ವರ್ಷದಿಂದ ಕಷ್ಟಪಟ್ಟು ಇಂಚಿಂಚಾಗಿ ಬೆಳೆಸಿದ್ದ ಗಂಡನನ್ನು ಒಂದು ಮುಚ್ಚಳ ಎಲೆಯ ರಸ ಮತ್ತೆ ಐದಡಿ ನಾಲ್ಕಿಂಚಿಗೆ ಇಳಿಸಿತು. ವಿಜ್ಞಾನದಿಂದ ಬಡವರಿಗೆ ಆಗುವ ನಷ್ಟ ಇಂಥದ್ದು.

ಆದರೆ ಅದೇ ಮೈದುನ ಆ ಬೆಳಿಗ್ಗೆ ಮೂರು ಸಲ ಚಹಾ ಕುಡಿದ. ಪ್ರತಿ ಸಲವೂ "ಇವತ್ತು ಚಹಾನೇ ಕೊಡ್ಲಿಲ್ಲ ನೀವು" ಅಂತ ಬೈದೇ ಕುಡಿದ. ಡಾಕ್ಟರಿಗೆ ಹೇಳಿದೆ. ಹಳೆಯ ನೆನಪು ಬೇರೆ ಕಪಾಟು, ಇವತ್ತಿನದು ಬೇರೆ ಕಪಾಟು, ಒಂದರ ಬೀಗ ತೆಗೆದರೆ ಇನ್ನೊಂದು ತೆರೆದುಕೊಳ್ಳಬೇಕು ಅಂತೇನಿಲ್ಲ ಅಂದಳು. ಇದು ರಸದಿಂದಲೋ, ಮನಸ್ಸು ಗಟ್ಟಿ ಮಾಡಿಕೊಂಡಿದ್ದರಿಂದಲೋ ಅದೂ ಈಗಲೇ ಹೇಳಲಾಗದಂತೆ. ಡಾಕ್ಟರಿಗೆ ಗೊತ್ತಿಲ್ಲದ್ದೇ ಹೆಚ್ಚು. ಹಾಗಂತ ಬಾಯಿಬಿಟ್ಟು ಹೇಳುತ್ತಿದ್ದಳಲ್ಲ, ಅದಕ್ಕೇ ನನಗೆ ಅವಳ ಮೇಲೆ ನಂಬಿಕೆ.

ಆಗ ಬಂತು ಬ್ಯಾಂಡಿನವರ ಕೆಲಸ.

ಅಗ್ನಿಶಾಮಕ ದಳದಲ್ಲಿ ಹಿಂದೆ ಒಂದು ಬ್ಯಾಂಡ್ ಇತ್ತು. ಹನ್ನೊಂದು ಜನ, ಕೆಂಪು ಕೋಟು, ಹಿತ್ತಾಳೆ ಗುಂಡಿ. ಬೆಂಕಿ ಆರಿಸುವುದಕ್ಕಿಂತ ಹಚ್ಚುವುದರಲ್ಲೇ ಹೆಸರು ಮಾಡಿದ್ದರು, ಆ ಕೋಟಿನಲ್ಲಿ ಅಷ್ಟು ಚೆಂದ ಕಾಣುತ್ತಿದ್ದರು. ಮೂವತ್ತು ವರ್ಷದ ಹಿಂದೆ ಆ ಕೋಟು ಹೊಲಿದವನು ನನ್ನ ಮೈದುನನೇ. ಈಗ ಎಲ್ಲರೂ ನಿವೃತ್ತರು. ದಳದ ಹೊಸ ಕಟ್ಟಡ ತೆರೆಯುವ ದಿನ ಇನ್ನೊಮ್ಮೆ ಬಾರಿಸಬೇಕು ಅಂತ ಅವರಿಗೆ ಆಸೆ. ಬ್ಯಾಂಡ್ ಮೇಷ್ಟರು ಒಂದು ಗಂಟು ಕೆಂಪು ಬಟ್ಟೆ, ಬಣ್ಣ ನೋಡಲು ಅಂತ ತಮ್ಮದೇ ಹಳೆಯ ಕೋಟು, ಹನ್ನೊಂದು ಹೆಸರಿನ ಪಟ್ಟಿ ಕಳಿಸಿದ್ದರು. ಪಟ್ಟಿಯ ಕೆಳಗೆ ಒಂದೇ ಸಾಲು: 'ಅಳತೆ ನಿಮ್ಮಲ್ಲಿದೆ.'

"ಅಪ್ಪ, ಇವರನ್ನ ಕರೆಸಿ ಅಳತೆ ತಗೊಳ್ಳೋಣ," ಅಂದಳು ಟೇಪು.

"ಬೋರ್ಡ್ ಓದಕ್ಕೆ ಬರಲ್ವಾ ನಿನಗೆ?"

"ಸರಿ ಹಾಗಾದ್ರೆ. ಈ ಹನ್ನೊಂದು ಕೋಟು ಹಾಕ್ಕೊಂಡು ಅವ್ರು ಬ್ಯಾಂಡ್ ಬಾರಿಸಿದ್ರೆ ಕತ್ತರಿ ವಿಷಯಕ್ಕೆ ನಾನಿನ್ನು ಬಾಯಿ ಹಾಕಲ್ಲ. ಒಂದೇ ಒಂದು ವಾಪಸ್ ಬಂದ್ರೂ ಕತ್ತರಿ ನನ್ನದು."

"ಆಗ್ಲಿ. ಅತ್ತಿಗೆ ಸಾಕ್ಷಿ."

"ನನ್ನ ಸಾಕ್ಷಿ ಮಾಡ್ಬೇಡ್ರಪ್ಪ," ಅಂದೆ. "ನಾನು ಇಬ್ಬರ ಕಡೆಗೂ ಸ್ವಲ್ಪ ಸ್ವಲ್ಪ ಸೇರಿಸಿ ಹೇಳ್ತೀನಿ."

ಅವನು ಕತ್ತರಿಸುವುದನ್ನು ನೀವು ನೋಡಬೇಕಿತ್ತು. ಪಟ್ಟಿಯ ಒಂದೊಂದು ಹೆಸರು ನಾನು ಅಕ್ಷರ ಕೂಡಿಸಿಕೊಂಡು ಓದುತ್ತಿದ್ದೆ, ಅವನು ಕಣ್ಣು ಮುಚ್ಚಿ ಅಂಕಿ ಹೇಳುತ್ತಿದ್ದ. ಎದೆ ಮೂವತ್ತೆಂಟು, ಸೊಂಟ ಮೂವತ್ತು, ಭುಜ ಹದಿನೆಂಟು. ತಡವರಿಕೆಯಿಲ್ಲ, ತೊದಲಿಲ್ಲ. ಆಮೇಲೆ ಸೀಮೆಸುಣ್ಣ ಓಡುತ್ತಿತ್ತು, ಅದರ ಹಿಂದೆ ಕತ್ತರಿ ಓಡುತ್ತಿತ್ತು. ಪ್ರತಿ ತುಂಡಿನ ಅಂಚಿಗೆ ಸೀಮೆಸುಣ್ಣದಲ್ಲಿ ಹೊಲಿಗೆಯ ಗೆರೆ ತಾನೇ ಎಳೆದುಕೊಟ್ಟ. ಟೇಪು ಅದೇ ಗೆರೆ ಹಿಡಿದು, ಮುಖ ಗಂಟಿಕ್ಕಿಕೊಂಡು ಹೊಲಿದಳು. ಮಧ್ಯೆ ಮೇಷ್ಟರ ಹಳೆಯ ಕೋಟು ಮೇಜಿನ ಮೇಲೆ ಹಾಸಿ, ಕತ್ತಿನ ಟೇಪು ಹಿಡಿದು ಹೊಸದರ ಜೊತೆ ಅಳೆದಳು. ಕಾಲಿಂಚು ಆಚೆ ಈಚೆ ಇಲ್ಲ. ಪಾಪ, ಅವಳ ಮುಖ ನೋಡಲಾಗಲಿಲ್ಲ. ಇಪ್ಪತ್ತು ವರ್ಷ ಕಾದ ಕತ್ತರಿ ಕಣ್ಣೆದುರೇ ದೂರ ಹೋಗುತ್ತಿತ್ತು.

ನನಗೆ ಹೊಳೆದದ್ದು ಗುಂಡಿ ಹೊಲಿಯುವಾಗ. ಒಂದು ಕೋಟು ಮಡಿಲಲ್ಲಿ ಹರಡಿಕೊಂಡಿದ್ದೆ. ದೊಡ್ಡ ಕಹಳೆಯವರದು. ಸೊಂಟ ಹಿಡಿದು ನೋಡಿದೆ, ನನ್ನ ಎರಡು ಗೇಣು. ಆ ಮನುಷ್ಯನನ್ನು ಹಿಂದಿನ ವಾರವೇ ಬಸ್ಸಿನಲ್ಲಿ ನೋಡಿದ್ದೆ. ಅವರು ಕೂತ ಸೀಟಿನಲ್ಲಿ ಇನ್ನೊಬ್ಬರು ಕೂರುವ ಮಾತಿರಲಿ, ಅವರೇ ಪೂರ್ತಿ ಕೂತಿರಲಿಲ್ಲ. ಹೊಟ್ಟೆ ಒಂದು ನಿಲ್ದಾಣ ಮುಂಚೆ ಇಳಿಯುತ್ತಿತ್ತು.

ಅಯ್ಯೋ ನನ್ನ ಮೈದುನನೇ! ಎಲೆಯ ರಸವೋ ಸಕ್ಕರೆ ನೀರೋ, ಯಾವುದೋ ಒಂದು ಅವನ ತಲೆಯೊಳಗಿನ ಕಪಾಟು ತೆಗೆದು ಸರಿಯಾದ ಅಳತೆಯನ್ನೇ ಕೊಟ್ಟಿತ್ತು. ಮೂವತ್ತು ವರ್ಷದ ಹಿಂದಿನದು. ಟೇಪುಗೆ ಗೊತ್ತಾಗಲಿಲ್ಲ, ಆ ಗಂಡಸರು ಅಳತೆಗೆ ಬಂದಾಗ ಅವಳಿಗೆ ಎಂಟು ವರ್ಷ. ನಾನು ಬಾಯಿ ಬಿಟ್ಟರೆ ಕತ್ತರಿ ಇವತ್ತೇ ಅವನ ಕೈಯಿಂದ ಹೋಗುತ್ತದೆ. ಬಿಡದಿದ್ದರೆ ನಾಳೆ ಹೋಗುತ್ತದೆ. ಒಂದು ದಿನವಾದರೂ ಇರಲಿ ಅಂತ ಸುಮ್ಮನಾದೆ. ಅರವತ್ತಾರು ಗುಂಡಿಗೂ ಎರಡೆಳೆ ನೂಲು ಹಾಕಿದೆ. ನನ್ನಿಂದ ಆದ ವೈದ್ಯ ಅಷ್ಟೆ.

ಹಾಕಿ ನೋಡುವ ದಿನ ಹನ್ನೊಂದು ಜನವೂ ಬಂದರು. ಡಾಕ್ಟರೂ ಬಂದಳು. ಮೈದುನ ಹನ್ನೊಂದು ಅಳತೆ ನೆನಪಿನಿಂದ ಹೇಳಿದ ಅಂತ ನಾನೇ ಬಾಯಿ ತಪ್ಪಿ ಹೇಳಿದ್ದೆ. ಮೊದಲ ಬಾರಿಗೆ ಸಾಕ್ಷಿ ಸಮೇತ ಒಂದು ನೆನಪು ಸಿಕ್ಕಿತು ಅಂತ ಅವಳು ಕಾಗದ ಹಿಡಿದು ಓಡಿ ಬಂದಿದ್ದಳು. ಮೇಷ್ಟರ ಹಳೆಯ ಕೋಟನ್ನು ಎರಡೆರಡು ಸಲ ಅಳೆದಳು.

ಪರದೆಯ ಹಿಂದಿನಿಂದ ಮೊದಲು ಬಂದವರು ಬ್ಯಾಂಡ್ ಮೇಷ್ಟರು. ಕೋಟು ಭುಜದ ಮೇಲಿತ್ತು, ಅಷ್ಟೇ ಹೇಳಬಹುದು. ಮುಂದಿನ ಎರಡು ಅಂಚುಗಳು ಜಗಳವಾಡಿದ ಓರಗಿತ್ತಿಯರ ಹಾಗೆ ದೂರ ದೂರ ನಿಂತಿದ್ದವು. ಅವರು ಕನ್ನಡಿ ನೋಡಿದರು. ಉಸಿರು ಒಳಗೆಳೆದರು. ಕೆಂಪಗಾದರು. ಹೇಗೋ ಒಂದು ಗುಂಡಿ ಸೇರಿತು.

ಟೇಪು ಎದ್ದು ನಿಂತಳು. "ಬಿಗಿ ಆಯ್ತಾ?"

ಮೇಷ್ಟರ ಹಿಂದೆ ಹತ್ತು ಜನ ನೋಡುತ್ತಿದ್ದರು. ಅವರ ಮುಂದೆ ಬಿಗಿ ಅಂತ ಯಾವ ಗಂಡಸು ಹೇಳುತ್ತಾನೆ?

"ಇಲ್ಲ... ಸರಿಯಾಗಿದೆ," ಅಂದರು, ಉಸಿರು ಬಿಡದೆ. ಮಾತು ಮೂಗಿನಿಂದ ಬಂತು.

ಅವರು ಸರಿ ಅಂದ ಮೇಲೆ ಉಳಿದವರೂ ಸರಿ ಅಂದರು. ದೊಡ್ಡ ಕಹಳೆಯವರು ಒಂದು ತೋಳಷ್ಟೇ ಹಾಕಿ, "ಇನ್ನೊಂದು ಆಮೇಲೆ ಹಾಕ್ಕೊಳ್ತೀನಿ, ಗೊತ್ತಲ್ಲ, ಸರಿಯಾಗೇ ಇರುತ್ತೆ" ಅಂದರು. ಕ್ಲಾರಿನೆಟ್ಟಿನವರೊಬ್ಬರು ಮಾತ್ರ ವಯಸ್ಸಿಗೆ ಒಣಗಿ ಕಡ್ಡಿಯಾಗಿದ್ದರು. ಅವರ ಕೋಟು ಬಾಗಿಲಿಗೆ ಹಾಕಿದ ಪರದೆಯಂತೆ ತೂಗುತ್ತಿತ್ತು. "ಗಾಳಿ ಆಡುತ್ತೆ, ಹಿತವಾಗಿದೆ," ಅಂದರು.

ಮೈದುನ ಮೇಜಿನ ಹಿಂದೆ ಕೈಕಟ್ಟಿ ನಿಂತಿದ್ದ. ಒಬ್ಬೊಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿದ.

"ಅಳತೆ ಸರಿಯಾಗಿದೆ," ಅಂದ. "ನೀವೇ ಸ್ವಲ್ಪ ಆಚೆ ಈಚೆ ಆಗಿದೀರಿ."

ಯಾರೂ ನಗಲಿಲ್ಲ. ನಗಲು ಉಸಿರು ಬೇಕಲ್ಲ.

ಡಾಕ್ಟರು ಕಾಗದದ ಮೇಲೆ ಏನೋ ಬರೆದು ಅಡಿಗೆರೆ ಎಳೆದಳು. "ಹಳೆಯ ನೆನಪು ನೂರಕ್ಕೆ ನೂರು!" ಅಂದಳು ಸಂತೋಷದಿಂದ.

"ಹೌದಮ್ಮಾ," ಅಂದಳು ಟೇಪು. "ಕೋಟು ಹನ್ನೊಂದಕ್ಕೆ ಸೊನ್ನೆ."

ಕಟ್ಟಡ ತೆರೆಯುವುದಕ್ಕೆ ಇನ್ನೂ ಎರಡು ದಿನವಿತ್ತು. ಕೊನೆಯ ಇಸ್ತ್ರಿಗೆ ಅಂತ ಕೋಟುಗಳು ಅಂಗಡಿಯಲ್ಲೇ ಉಳಿದವು. ಮೈದುನ ಮಧ್ಯಾಹ್ನದ ಊಟಕ್ಕೆ ಮನೆಗೆ ಹೋದರೆ ಮತ್ತೆ ಬರುವುದಿಲ್ಲ, ಡಾಕ್ಟರು ಹೇಳಿದಂತೆ ನಿದ್ದೆ ಮಾಡುತ್ತಾನೆ. ಅವನು ಹೋದ ಮೇಲೆ ಟೇಪು ಸಾಲಾಗಿ ತೂಗಿದ ಹನ್ನೊಂದು ಕೋಟುಗಳ ಮುಂದೆ ನಿಂತಳು. ಬಹಳ ಹೊತ್ತು ನಿಂತಳು.

"ಬಿಡೇ," ಅಂದೆ. "ನೀನೇನೂ ಮಾಡೋದು ಬೇಡ. ಸುಮ್ನೆ ಕೂತ್ಕೋ. ಮೊದಲ್ನೇ ಸಲ ಊದಿದ ತಕ್ಷಣ ಗುಂಡಿಗಳು ಹಾರಿ ಮಂತ್ರಿಗಳ ಕಣ್ಣಿಗೆ ಬೀಳ್ತವೆ. ಸಂಜೆಗೆ ಕತ್ತರಿ ನಿನ್ನದು."

"ಗೊತ್ತು ದೊಡ್ಡಮ್ಮ."

"ಇಪ್ಪತ್ತು ವರ್ಷ ಕಾದಿದೀಯ."

"ಅದೂ ಗೊತ್ತು." ಮೇಷ್ಟರ ಕೋಟು ಇಳಿಸಿ ಮೇಜಿನ ಮೇಲೆ ಹಾಕಿದಳು. ಹೊಲಿಗೆ ಬಿಚ್ಚುವ ಕೊಕ್ಕೆ ಕೈಗೆ ತಗೊಂಡಳು. "ಅಲ್ಲಿ ಎಲ್ರ ಮುಂದೆ ಆಗೋದು ಬೇಡ. ಬೇರೆ ಯಾವ್ದಾದ್ರೂ ದಿನ ತಗೊಳ್ತೀನಿ ಕತ್ತರಿ. ಆದ್ರೆ ನಮ್ಮಪ್ಪ ಹೊಲಿಗೆ ಒಳಗೆ ಅರ್ಧ ಇಂಚಿನ ಮೇಲೆ ಬಟ್ಟೆ ಬಿಡೋ ಮನುಷ್ಯ ಅಲ್ಲ. ಬಿಚ್ಚಿದ್ರೆ ಎಷ್ಟು ಸಿಗುತ್ತೋ."

ಅದು ನಿಜ. ಬಟ್ಟೆಯ ವಿಷಯದಲ್ಲಿ ಅವನಷ್ಟು ಜಿಪುಣ ಭೂಮಿಯ ಮೇಲಿಲ್ಲ. ಸೋಮವಾರದ ಚಿಂದಿಯಲ್ಲಿ ಮಂಗಳವಾರ ಜೇಬು ಮಾಡುವವನು.

ಅವಳು ಕೋಟಿನ ಅಸ್ತರು ಸರಿಸಿ ಪಕ್ಕದ ಹೊಲಿಗೆ ಬಿಚ್ಚಿದಳು. ಹೊಲಿಯುವಾಗ ಅವಳು ನೋಡಿದ್ದು ಸೀಮೆಸುಣ್ಣದ ಗೆರೆಯನ್ನು, ಮಡಿಸಿ ಒಳಗೆ ಹೋದ ಬಟ್ಟೆಯನ್ನಲ್ಲ. ಅದು ಈಗ ಹೊರಗೆ ಬಂತು. ಬರುತ್ತಲೇ ಇತ್ತು. ಮೂರು ಬೆರಳಗಲ. ಇನ್ನೊಂದು ಪಕ್ಕ ಬಿಚ್ಚಿದಳು, ಅಲ್ಲೂ ಮೂರು ಬೆರಳು. ಬೆನ್ನಿನ ನಡುವೆಯೂ.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಮರೆತು ಬಿಟ್ಟಿರ್ಬೇಕು," ಅಂದಳು.

"ಮರೆತೇ ಇರ್ಬೇಕು," ಅಂದೆ. "ಇನ್ನೊಂದು ನೋಡು."

ದೊಡ್ಡ ಕಹಳೆಯವರ ಕೋಟಿನಲ್ಲಿ ನಾಲ್ಕು ಬೆರಳು. ಡೋಲಿನವರದ್ದರಲ್ಲಿ ಎರಡೂವರೆ. ಅವಳು ಬಿಚ್ಚುತ್ತಾ ಹೋದಳು, ಟೇಪು ಕತ್ತಿನಲ್ಲೇ ತೂಗಾಡುತ್ತಿತ್ತು, ಅದನ್ನು ಮುಟ್ಟಲೇ ಇಲ್ಲ. "ಮೇಷ್ಟ್ರಿಗೆ ನಾಲ್ಕೂವರೆ ಇಂಚು ಬಿಡ್ಬೇಕು, ಇವ್ರಿಗೆ ಆರು, ಇವ್ರ ಬಲಗಡೆ ಹೊಟ್ಟೆ ಸ್ವಲ್ಪ ಜಾಸ್ತಿ," ಅಂತ ತನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದಳು. ಬೆಳಿಗ್ಗೆ ಒಂದೇ ಸಲ ಕಣ್ಣಲ್ಲಿ ನೋಡಿದ ಹನ್ನೊಂದು ಜನರ ಅಳತೆ ಅವಳ ತಲೆಯಲ್ಲಿ ಕೂತಿತ್ತು! ಒಂದು ತೊಟ್ಟು ರಸ ಕುಡಿದವಳಲ್ಲ. ನಾನೇನೂ ಅನ್ನಲಿಲ್ಲ. ಅಂದಿದ್ದರೆ ಕತ್ತಿನ ಟೇಪು ತೆಗೆದು ಅಳೆಯಲು ಶುರುಮಾಡುತ್ತಿದ್ದಳು.

ಕೊನೆಗೆ ಉಳಿದದ್ದು ಕ್ಲಾರಿನೆಟ್ಟಿನವರ ಕೋಟು. ಬಡಕಲಾಗಿ ಹೋಗಿದ್ದರಲ್ಲ, ಅವರದು. ಅದನ್ನು ಒಳಗೆ ತೆಗೆದುಕೊಳ್ಳಬೇಕಿತ್ತು, ಬಿಡುವುದೇನೂ ಇರಲಿಲ್ಲ. ಆದರೂ ಅವಳು ಹೊಲಿಗೆ ಬಿಚ್ಚಿ ನೋಡಿದಳು.

ಅದರಲ್ಲಿ ಅರ್ಧ ಇಂಚು.

ಅವಳು ಕೊಕ್ಕೆ ಕೆಳಗಿಟ್ಟಳು. ನಾನು ಸೂಜಿ ಕೆಳಗಿಟ್ಟೆ.

ಹತ್ತು ಕೋಟುಗಳಿಗೆ ಬೆರಳುಗಟ್ಟಲೆ ಬಿಟ್ಟವನು ಹನ್ನೊಂದನೆಯದಕ್ಕೆ ಬಿಟ್ಟಿಲ್ಲ. ದಪ್ಪಗಾದವರು ಯಾರು, ಒಣಗಿದವರು ಯಾರು ಅಂತ ಅವನಿಗೆ ಗೊತ್ತಿತ್ತಾ? ಗೊತ್ತಿದ್ದರೆ ದೊಡ್ಡದಾಗಿಯೇ ಯಾಕೆ ಕತ್ತರಿಸಲಿಲ್ಲ? ಬೋರ್ಡಿನ ಮಾತು ಉಳಿಸಿಕೊಳ್ಳಲಾ? ಇಲ್ಲ, ಸುಮ್ಮನಿದ್ದರೆ ಕತ್ತರಿ ತನಗೇ ಸಿಗುತ್ತದೆ ಅಂತ ಗೊತ್ತಿದ್ದೂ ಮಗಳು ಹೊಲಿಗೆ ಬಿಚ್ಚುತ್ತಾಳಾ ಅಂತ ನೋಡಲಾ? ಅಥವಾ ಸುಮ್ಮನೆ ಕೈ ಮರೆತು ಹತ್ತು ಸಲ ತಪ್ಪಿ, ಒಂದು ಸಲ ಸರಿಯಾಯಿತಾ?

ಬ್ಯಾಂಡ್ ಚೆನ್ನಾಗಿಯೇ ಆಯಿತು. ಬಾರಿಸಿದ್ದು ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ, ಅಷ್ಟು ದೊಡ್ಡ ಸುಳ್ಳು ನನ್ನಿಂದಲೂ ಆಗುವುದಿಲ್ಲ. ಕೋಟುಗಳು ಚೆನ್ನಾಗಿದ್ದವು. ದೊಡ್ಡ ಕಹಳೆಯವರು ಎದೆ ತುಂಬ ಉಸಿರೆಳೆದು ಊದಿದರು, ಒಂದು ಗುಂಡಿಯೂ ಅಲುಗಲಿಲ್ಲ. ಮೇಷ್ಟರು ಆಮೇಲೆ ಅಂಗಡಿಗೆ ಬಂದು, "ಹೇಳಿರ್ಲಿಲ್ವಾ, ನಾನು ಒಂದಿಂಚೂ ಬದಲಾಗಿಲ್ಲ" ಅಂತ ಎದೆ ತಟ್ಟಿಕೊಂಡರು. ಮೈದುನ ಅವರಿಗೆ ಕೈಮುಗಿದು, ಕತ್ತರಿಗೆ ಎಣ್ಣೆ ಹಾಕುತ್ತಾ ಕೂತ. ಮಗಳ ಕಡೆ ನೋಡಲಿಲ್ಲ. ಮಗಳೂ ಅವನ ಕಡೆ ನೋಡಲಿಲ್ಲ. ಒಂದು ಮಾತು ಮಾತ್ರ ಅಂದ.

"ಅತ್ತಿಗೆ, ಇವತ್ತು ಚಹಾನೇ ಕೊಡ್ಲಿಲ್ಲ ನೀವು."

ಕೊಟ್ಟಿದ್ದೆ. ಎರಡು ಸಲ.

ಈಗ ಡಾಕ್ಟರು ಒಂದು ಕಾಗದ ಕೊಟ್ಟು ಹೋಗಿದ್ದಾಳೆ. ಮೈದುನನ ಬಗ್ಗೆ ಮನೆಯವರು ತುಂಬಿ ಕೊಡಬೇಕಂತೆ. ಉಳಿದದ್ದೆಲ್ಲ ಟೇಪು ತುಂಬಿದಳು, ಒಂದು ಸಾಲಿನ ಹತ್ತಿರ ಪೆನ್ನು ನಿಲ್ಲಿಸಿ ಕಾಗದ ನನ್ನ ಕಡೆ ತಳ್ಳಿದಳು. ನನಗೆ ಓದು ಅಷ್ಟಕ್ಕಷ್ಟೆ, ಆದರೂ ಇದು ಓದಲು ಬಂತು. 'ಈಗಿನ ಸಂಗತಿಗಳು ಅವರಿಗೆ ನೆನಪಿರುತ್ತವೆಯೇ? ಹೌದು. ಇಲ್ಲ.' ಎರಡರಲ್ಲಿ ಒಂದಕ್ಕೆ ಗುರುತು ಹಾಕಬೇಕು.

ಮೈದುನ ಮೇಜಿನ ಹಿಂದೆ ಕತ್ತರಿಸುತ್ತಿದ್ದಾನೆ, ಕಿವಿ ಮಾತ್ರ ಇತ್ತ ಇದೆ. ಮಗಳು ಮಷಿನ್ ನಿಲ್ಲಿಸಿ ಕಾಯುತ್ತಿದ್ದಾಳೆ. ಪೆನ್ನು ನನ್ನ ಕೈಲಿದೆ. ನೀವು ಎಲ್ಲ ಕೇಳಿಸಿಕೊಂಡಿರಲ್ಲ, ಹೇಳಿ ನೋಡೋಣ. ನಾನು ಯಾವುದಕ್ಕೆ ಗುರುತು ಹಾಕಲಿ?